ಅಪ್ಪನ ಯೆಜ್ಡಿಗೆ ಹೊಸ ವೇಷ ಹಾಕಬಹುದೇ?

ಪ್ರಶ್ನೆ: ಅಪ್ಪನ ಕಾಲದ 1974ರ ಯೆಜ್ಡಿ ಕೊಟ್ಟಿಗೆಯಲ್ಲಿದೆ. ಮನೆಯಲ್ಲೇ ಮಾರ್ಪಡಿಸಿ ಹಳೇಬೀಡು, ಬೇಲೂರಿಗೆ ಓಡಿಸಬಹುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ರಿಪೇರಿ ಧಾರಾಳವಾಗಿ ಮಾಡಿ, ವೇಷ ಬದಲಿಸುವ ಮುನ್ನ ಯೋಚಿಸಿ. ನಿಮ್ಮದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 1996ರಲ್ಲಿ ಅದು ಬಾಗಿಲು ಹಾಕಿತು. ಮೂಲ ಬಿಡಿಭಾಗ ಕಂಡರೆ ಗುಜರಿಗೆ ಹಾಕಬೇಡಿ.

ಎಂಜಿನ್ ಸರಳವಾದ ಟೂ ಸ್ಟ್ರೋಕ್. ಟ್ಯಾಂಕಿನ ತುಕ್ಕು ತೆಗೆಯುವುದು, ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಪಾಯಿಂಟ್ ಸರಿಮಾಡುವುದು, ಒಣಗಿ ಬಿರುಕುಬಿಟ್ಟ ವೈರು ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತರೆ ಮಾತ್ರ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಆ ಜಾಣತನವನ್ನು ದಯವಿಟ್ಟು ಕಿತ್ತುಹಾಕಬೇಡಿ!

ಚಾಸಿ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು ಬೇಡ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಆದರೆ ಆಮೇಲೆ ಅದನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ಬೇಲೂರಿಗೆ ಮನಸ್ಸು ಬಂದಾಗೆಲ್ಲ ಹೋಗಬೇಕೆಂದರೆ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ. ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯೊಂದಿಗೆ ತಾಳೆಯಾಗುತ್ತವೆಯೇ ನೋಡಿ.