999ರ ಕೊನೆಯ ಆಟ

ದಢೇಸುಗೂರಿನ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ನಿಂತರೆ ಈಚೆ ದಡ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು, ಆಚೆ ದಡ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಬಸ್ಸಿನಲ್ಲಿ ಕುಳಿತವರು ಜಿಲ್ಲೆ ಬದಲಾದದ್ದನ್ನು ಗಮನಿಸುವುದೂ ಇಲ್ಲ. 1948ರ ಸೆಪ್ಟೆಂಬರ್‌ವರೆಗೆ ಹಾಗಿರಲಿಲ್ಲ. ಈಚೆಯದು ನಿಜಾಮನ ಸಂಸ್ಥಾನ, ಆಚೆಯದು ಮದ್ರಾಸ್ ಪ್ರಾಂತ್ಯ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಹದಿಮೂರು ತಿಂಗಳ ಕಾಲ ಈ ಭಾಗದಲ್ಲಿ ನದಿಯೇ ಸ್ವತಂತ್ರ ಭಾರತದ ಅಂಚಾಗಿತ್ತು.

ಆ ಹದಿಮೂರು ತಿಂಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟು ಗಡಿ ದಾಟಿದವರು ಅಸಂಖ್ಯ. ಗಡಿಯ ಅಂಚಿನಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಟೆ ಅವರ ಮುಂದಾಳುತನ. ಶಿಬಿರಗಳಿಂದ ಹೊರಟವರು ನಿಜಾಮನ ಪೊಲೀಸ್ ಠಾಣೆಗಳ ಮೇಲೂ ಕರೋಡಗಿರಿ ನಾಕಾಗಳ ಮೇಲೂ ದಾಳಿ ಮಾಡುತ್ತಿದ್ದರು. ನಾಕಾದಲ್ಲಿ ಎಷ್ಟು ಬಂದೂಕಿವೆ, ಯಾವ ಹಾದಿಯಲ್ಲಿ ಕಾವಲು ಸಡಿಲ ಎಂಬುದನ್ನು ಮೊದಲೇ ಯಾರಾದರೂ ಹೋಗಿ ತಿಳಿದು ಬರದೆ ಇಂಥ ದಾಳಿ ಸಾಧ್ಯವಿಲ್ಲ. ಹೀಗೆ ಸುದ್ದಿ ತಂದವರ ಹೆಸರುಗಳು ಬಹುಮಟ್ಟಿಗೆ ಪುಸ್ತಕಕ್ಕೆ ಬಂದಿಲ್ಲ. ಬೇಹುಗಾರನ ಕೆಲಸವೇ ಅಂಥದು.

ಇದಾದ ಇಪ್ಪತ್ತು ವರ್ಷಕ್ಕೆ ಕನ್ನಡ ಪ್ರೇಕ್ಷಕನಿಗೆ ತೆರೆಯ ಮೇಲೆ ಒಬ್ಬ ಬೇಹುಗಾರ ಸಿಕ್ಕ. ಅವನಿಗೆ ಹೆಸರೂ ಇತ್ತು, ನಂಬರೂ ಇತ್ತು: ಪ್ರಕಾಶ್, ಸಿ.ಐ.ಡಿ. 999. 1962ರಲ್ಲಿ ‘ಡಾ. ನೋ’ ಚಿತ್ರದೊಂದಿಗೆ ಜೇಮ್ಸ್ ಬಾಂಡ್ ತೆರೆಗೆ ಬಂದ ಮೇಲೆ ಭಾರತದ ಎಲ್ಲ ಭಾಷೆಗಳಿಗೂ ಆ ಗಾಳಿ ಬೀಸಿತ್ತು. ತೆಲುಗಿನಲ್ಲಿ 1966ರಲ್ಲೇ ಕೃಷ್ಣ ಅವರ ‘ಗೂಢಚಾರಿ 116’ ಬಂತು. ಮರುವರ್ಷ ಅದೇ ಹಿಂದಿಯ ‘ಫರ್ಜ್’ ಆಯಿತು. ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ದೊರೆ-ಭಗವಾನ್. ನಾಯಕ ರಾಜ್‌ಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್. ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ ಎರಡೂ 1968ರಲ್ಲೇ ತೆರೆಕಂಡವು. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಗೋವಾದ ಚಿತ್ರದಿಂದ ಲಕ್ಷ್ಮಿ ಕನ್ನಡಕ್ಕೆ ಬಂದರು. ಜಾಕ್‌ಪಾಟ್‌ನ ನಾಯಕಿ, ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ.

ಮೊದಲ ಚಿತ್ರದ ಕಥೆ ಲೋಹವನ್ನು ಬಂಗಾರ ಮಾಡುವ ಸೂತ್ರ ಕಂಡುಹಿಡಿದ ವಿಜ್ಞಾನಿಯ ಸುತ್ತ ಹೆಣೆದದ್ದು. ಬಂಗಾರಕ್ಕಾಗಿ ನೆಲದಾಳದ ಕಲ್ಲು ಒಡೆದು, ಪುಡಿ ಮಾಡಿ, ತೊಳೆಯುವ ಹಟ್ಟಿ ಗಣಿಯನ್ನು ಬಲ್ಲ ಲಿಂಗಸುಗೂರಿನ ಜನರಿಗೆ ಇದು ಚೆನ್ನಾಗಿಯೇ ನಗೆ ತರಿಸಿರಬೇಕು. ಮೂರು ಚಿತ್ರಗಳೂ ಕಪ್ಪು-ಬಿಳುಪು. ಯಂತ್ರ, ತಂತ್ರ, ಗುಪ್ತ ಬಾಗಿಲುಗಳಿಗೆಲ್ಲ ಬಾಂಡ್ ಚಿತ್ರದ ಮುಂದೆ ಏನೇನೂ ಅಲ್ಲದ ಖರ್ಚು. ಆದರೂ ಜನ ನೋಡಿದರು. ಅಲ್ಲಿಯವರೆಗೆ ಬೇಡರ ಕಣ್ಣಪ್ಪನಾಗಿ, ಪೌರಾಣಿಕ ಕಿರೀಟ ಹೊತ್ತು ಕಂಡಿದ್ದ ನಟ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದೇ ದೊಡ್ಡ ಆಕರ್ಷಣೆ. ಸಣ್ಣ ಊರುಗಳಿಗೆ ಚಿತ್ರ ಬರುತ್ತಿದ್ದದ್ದು ಬೆಂಗಳೂರಿನಲ್ಲಿ ಆಡಿ ಎಷ್ಟೋ ಕಾಲದ ಮೇಲೆ, ಟೂರಿಂಗ್ ಟಾಕೀಸಿನ ಡೇರೆಗೆ. ಎರಡನೆಯದನ್ನು ಮೊದಲು ನೋಡಿ ಮೊದಲನೆಯದನ್ನು ಆಮೇಲೆ ನೋಡಿದರೂ ಅಡ್ಡಿಯಿರಲಿಲ್ಲ. ಕಥೆಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ.

ಮೂರರ ನಂತರ ಒಂಬತ್ತು ವರ್ಷ 999 ಕಾಣಲಿಲ್ಲ. ನಾಲ್ಕನೆಯದು, ‘ಆಪರೇಷನ್ ಡೈಮಂಡ್ ರಾಕೆಟ್’, 1978ರಲ್ಲಿ ಬಂತು. ಈ ಸಲ ವರ್ಣ, ನೇಪಾಳದ ಹೊರಾಂಗಣ, ಪದ್ಮಪ್ರಿಯ ನಾಯಕಿ. ನಂಬರ್ ಅದೇ, ನಿರ್ದೇಶಕರು ಅವರೇ. ಬದಲಾಗಿದ್ದದ್ದು ನಾಯಕ. 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’ ನಡುವೆ ಆಗಿಹೋಗಿದ್ದವು. ಹೊಸ ಕಾಲುವೆಯ ನೀರಿಗೆ ಹೊಲ ಹದ ಮಾಡಿಕೊಳ್ಳುತ್ತಿದ್ದ ತುಂಗಭದ್ರಾ ಸೀಮೆಯ ರೈತನಿಗೆ ಪಿಸ್ತೂಲಿನ ಪ್ರಕಾಶನಿಗಿಂತ ನೇಗಿಲಿನ ರಾಜೀವ ಹತ್ತಿರದವನು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜ್ ಅವರಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠ. 1974ರ ‘ಸಂಪತ್ತಿಗೆ ಸವಾಲ್’ ನಂತರ ಸ್ವಂತ ದನಿಯೇ ರೂಢಿಯಾಗಿತ್ತು. ಹಾಗಾಗಿ ನಾಲ್ಕನೆಯ ಚಿತ್ರದ ಆ ಪ್ರಸಿದ್ಧ ಇಂಗ್ಲಿಷ್ ಹಾಡನ್ನು ಹಾಡಿದವರು, ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ರಾಜ್‌ಕುಮಾರರೇ.

ಆ ಚಿತ್ರ ನೋಡಿದವರಿಗೆ ಇದು ಕೊನೆಯದೆಂದು ಯಾರೂ ಹೇಳಲಿಲ್ಲ. ಹೇಳಲು ಬಹುಶಃ ಯಾರಿಗೂ ಗೊತ್ತಿರಲಿಲ್ಲ. ಇಂದಿನ ಬೇಹುಗಾರಿಕೆಯ ಧಾರಾವಾಹಿಗಳ ರೀತಿ ಬೇರೆ. ಅಮೆರಿಕದಲ್ಲಿ ನೆಲೆ ನಿಂತ ಸೋವಿಯತ್ ಬೇಹುಗಾರ ದಂಪತಿಯ ಕಥೆಯಾದ ‘ದಿ ಅಮೆರಿಕನ್ಸ್’ ಇನ್ನೆರಡು ಸೀಸನ್‌ಗಳಲ್ಲಿ ಮುಗಿಯುವುದೆಂದು 2016ರಲ್ಲೇ ಪ್ರಕಟವಾಗಿತ್ತು. 2018ರ ಮೇ 30ರಂದು ಆರನೆಯ ಸೀಸನ್ನಿನ ಕೊನೆಯ ಕಂತು ಬಂದಾಗ ನೋಡುವವರು ಲೆಕ್ಕ ಚುಕ್ತಾ ಆಗುವುದನ್ನು ಕಾಯುತ್ತ ಕುಳಿತಿದ್ದರು: ಇಷ್ಟು ವರ್ಷದ ಸುಳ್ಳಿಗೆ ಬೆಲೆ ತೆರುವವರು ಯಾರು, ಮಕ್ಕಳ ಗತಿ ಏನು? ಅದನ್ನು ರೂಪಿಸಿದ ಜೋ ವೈಸ್‌ಬರ್ಗ್ ಸ್ವತಃ ಸಿ.ಐ.ಎ.ಯಲ್ಲಿ ಕೆಲಸ ಮಾಡಿದ್ದವರು. 999ರ ಪ್ರಕಾಶ ಯಾವ ಬೆಲೆಯನ್ನೂ ತೆರಬೇಕಿರಲಿಲ್ಲ. ಅವನು ಸುಳ್ಳು ಹೇಳಿದರೂ ಆಟ ಬಿಡುವ ಹೊತ್ತಿಗೆ ಅದು ಮಾಫಿ. ಮುಗಿದದ್ದು ಅವನ ಕಥೆಯಲ್ಲ, ಅವನನ್ನು ಧರಿಸಿದ ನಟನಿಗೆ ಆ ವೇಷ ಹೊಂದುತ್ತಿದ್ದ ಕಾಲ. 1982ರಲ್ಲಿ ಗೋಕಾಕ್ ಚಳವಳಿಯ ಮುಂದಾಳಾಗಿ ಊರೂರು ತಿರುಗಿ ಕನ್ನಡಕ್ಕಾಗಿ ಮಾತಾಡಿದ ಮೇಲಂತೂ ಕ್ಲಬ್ಬಿನಲ್ಲಿ ಇಂಗ್ಲಿಷ್ ಹಾಡುವ ಬೇಹುಗಾರನಿಗೆ ಹಿಂತಿರುಗುವ ದಾರಿ ಉಳಿಯಲಿಲ್ಲ.

ಒಂದು ಮಾತು ಮಾತ್ರ ಕೊರತೆಯಾಗಿಯೇ ಉಳಿಯುತ್ತದೆ. ನಾಲ್ಕು ಚಿತ್ರಗಳಲ್ಲಿ ಗೋವಾಕ್ಕೂ ನೇಪಾಳಕ್ಕೂ ಹೋದ 999 ಒಮ್ಮೆಯೂ ತುಂಗಭದ್ರೆಯ ದಡಕ್ಕೆ ಬರಲಿಲ್ಲ. 1978ರಲ್ಲಿ ಚಿತ್ರ ನೋಡಲು ಕುಳಿತವರ ನಡುವೆ ಐವತ್ತು ದಾಟಿದವರು ಕೆಲವರಾದರೂ ಇದ್ದೇ ಇರುತ್ತಾರೆ. 1948ರಲ್ಲಿ ಅವರಿಗೆ ಇಪ್ಪತ್ತರ ಪ್ರಾಯ. ಕತ್ತಲಲ್ಲಿ ಹೊಳೆ ದಾಟಿ ಸುದ್ದಿ ಮುಟ್ಟಿಸಿದವನು ಯಾರಾದರೂ ಅಲ್ಲಿದ್ದರೆ ಆತನೂ ಉಳಿದವರಂತೆ ಟಿಕೆಟ್ ಕೊಂಡು, ಶಿಳ್ಳೆಗಳ ನಡುವೆ ಚಿತ್ರ ನೋಡಿ ಮನೆಗೆ ಹೋಗಿರುತ್ತಾನೆ.

ಈಗ ಆ ಇಂಗ್ಲಿಷ್ ಹಾಡಿನ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದೆ. ತಮಾಷೆಗೆ ಅದನ್ನು ಕೇಳುವ ಹುಡುಗರಲ್ಲಿ ಹೆಚ್ಚಿನವರಿಗೆ ಅದು ಯಾವ ಚಿತ್ರದ್ದೆಂಬುದು ಗೊತ್ತಿಲ್ಲ.