ನೋವಿಲ್ಲದೆ ಬೆಳೆಯುವ ದವಡೆಯ ಗಡ್ಡೆ

'ಗಡ್ಡೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕ್ಯಾನ್ಸರ್ ಎಂದು ಹೆದರುವವರೇ ಹೆಚ್ಚು. ಆದರೆ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡದೆ ಹುಟ್ಟಿದ ಜಾಗದಲ್ಲೇ ಬೆಳೆಯುವುದನ್ನು ವೈದ್ಯರು 'ಸೌಮ್ಯ ಗಡ್ಡೆ' ಎನ್ನುತ್ತಾರೆ. ದವಡೆಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ಅಮೆಲೋಬ್ಲಾಸ್ಟೋಮಾ ಇಂಥದ್ದು. ಹೆಸರಿಗೆ ಸೌಮ್ಯವಾದರೂ ಇದನ್ನು ಉದಾಸೀನ ಮಾಡುವಂತಿಲ್ಲ.

ಹುಟ್ಟುವುದು ಹೇಗೆ?

ಹಲ್ಲಿನ ಹೊರಪದರ ಎನಾಮಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಇದನ್ನು ಕಟ್ಟುವ ಅಮೆಲೋಬ್ಲಾಸ್ಟ್ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೆ ಇಲ್ಲವಾಗುತ್ತವೆ. ಸವೆದ ಎನಾಮಲ್ ಮತ್ತೆ ಬೆಳೆಯದಿರುವುದು ಇದರಿಂದಲೇ. ಆದರೆ ಹಲ್ಲನ್ನು ರೂಪಿಸಿದ ಅಂಗಾಂಶದ ತುಣುಕುಗಳು ಕೆಲವೊಮ್ಮೆ ದವಡೆಯಲ್ಲಿ ಉಳಿದುಬಿಡುತ್ತವೆ. ಈ ಗಡ್ಡೆಯ ಮೂಲ ಅಲ್ಲಿದೆ. ಇಂಥ ಹಲವು ಗಡ್ಡೆಗಳಲ್ಲಿ ಬಿರ್ಯಾಫ್ ಎಂಬ ಜೀನ್ ಬದಲಾಗಿರುವುದು 2014ರಲ್ಲಿ ತಿಳಿದುಬಂತು.

ಲಕ್ಷಣಗಳೇನು?

ಹತ್ತರಲ್ಲಿ ಸುಮಾರು ಎಂಟು ಗಡ್ಡೆಗಳು ಕೆಳದವಡೆಯಲ್ಲಿ, ಹೆಚ್ಚಾಗಿ ಹಿಂದಿನ ಹಲ್ಲುಗಳ ಬಳಿ ಬರುತ್ತವೆ. ನಡುವಯಸ್ಸಿನವರಲ್ಲಿ ಹೆಚ್ಚು. ಆದರೆ ಒಂದೇ ಚೀಲದಂತಿರುವ ಬಗೆ ನಿಮ್ಮ ವಯಸ್ಸಿನವರಲ್ಲೂ, ಹೊರಬಾರದ ಬುದ್ಧಿಹಲ್ಲಿನ ಸುತ್ತ ಬೆಳೆಯಬಹುದು. ಹಲ್ಲುನೋವು ಬಂದರೆ ಬೆಳಗಾಗುವುದನ್ನೇ ಕಾದು ವೈದ್ಯರ ಬಳಿ ಓಡುತ್ತೇವೆ. ಇಲ್ಲಿ ನೋವೇ ಇರುವುದಿಲ್ಲ! ಕೆನ್ನೆಯ ಒಂದು ಬದಿ ನಿಧಾನವಾಗಿ ಉಬ್ಬುತ್ತದೆ, ಹಲ್ಲು ಅಲುಗಾಡುತ್ತದೆ. ಒಳಗೆ ಮೂಳೆ ತೆಳುವಾಗುತ್ತಾ ಹೋಗುತ್ತದೆ. ಎಕ್ಸ್‌-ರೇಯಲ್ಲಿ ಇದು ಅನೇಕ ವೇಳೆ ಸೋಪಿನ ಗುಳ್ಳೆಗಳ ಗೊಂಚಲಿನಂತೆ ಕಾಣುತ್ತದೆ. ಖಚಿತವಾಗಬೇಕಾದರೆ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಚಿಕಿತ್ಸೆ

ಕೆರೆದು ತೆಗೆದರೆ ಸಾಲದೇ? ಸಾಮಾನ್ಯವಾಗಿ ಸಾಲದು. ಗಡ್ಡೆಯ ಎಳೆಗಳು ಕಣ್ಣಿಗೆ ಕಾಣುವ ಅಂಚನ್ನೂ ದಾಟಿ ಮೂಳೆಯೊಳಗೆ ನುಗ್ಗಿರುತ್ತವೆ. ಅವು ಉಳಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಆದ್ದರಿಂದ ಸುತ್ತಲಿನ ಒಂದೆರಡು ಸೆಂಟಿಮೀಟರ್ ಆರೋಗ್ಯವಂತ ಮೂಳೆಯನ್ನೂ ಸೇರಿಸಿ ತೆಗೆಯುವುದು ರೂಢಿ. ದೊಡ್ಡ ಭಾಗ ಹೋದರೆ ಕಾಲಿನ ತೆಳುಮೂಳೆ ಫಿಬ್ಯುಲಾದಿಂದ ಹೊಸ ದವಡೆ ಕಟ್ಟಬಹುದು. ಆ ಮೂಳೆಯ ರಕ್ತನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ಹತ್ತು ವರ್ಷಗಳ ನಂತರವೂ ಗಡ್ಡೆ ಮರುಕಳಿಸಿದ್ದುಂಟು. ಹೀಗಾಗಿ ತಪಾಸಣೆ ನಿಲ್ಲಿಸುವಂತಿಲ್ಲ.

ಬೇಗ ಗುರುತಿಸಿದರೆ ಕಳೆದುಕೊಳ್ಳುವ ಮೂಳೆ ಕಡಿಮೆ. ಅತ್ತಿಗುಪ್ಪೆಯ ವಿದ್ಯಾರ್ಥಿಗಳಿಗೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ದೂರವೇನಲ್ಲ. ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಕೃಷ್ಣರಾಜ ಮಾರುಕಟ್ಟೆ. ಕಾಲೇಜು ಇರುವುದು ಅಲ್ಲೇ ಸಮೀಪದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ. ಮನೆಯಲ್ಲಿ ಯಾರಿಗಾದರೂ ದವಡೆ ಊದಿಕೊಂಡು ಕೆಲವು ವಾರಗಳಾದರೂ ಇಳಿಯದಿದ್ದರೆ, 'ನೋವಿಲ್ಲವಲ್ಲ' ಎಂದು ಸುಮ್ಮನಿರಬೇಡಿ. ಒಂದು ಎಕ್ಸ್‌-ರೇ ತೆಗೆಸಿ.