ನಿಮಗಿದು ಗೊತ್ತೆ? ಕೀಬೋರ್ಡಿನ ನಾದ ಕಂಡುಕೊಂಡ ಸಂಗೀತದ ಮೇಷ್ಟ್ರು

1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡು ಜಗತ್ತಿನ ಹಾಡುಗಳ ದನಿಯನ್ನೇ ಬದಲಿಸಿತು. ಅದರೊಳಗಿನ ತಂತ್ರವನ್ನು ಕಂಡುಕೊಂಡವರು ಎಂಜಿನಿಯರ್ ಅಲ್ಲ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ವರಸಂಯೋಜಕ ಜಾನ್ ಚೌನಿಂಗ್. ಪ್ಯಾರಿಸ್‌ನಲ್ಲಿ ನಾದಿಯಾ ಬುಲಾಂಜೆ ಅವರ ಶಿಷ್ಯರಾಗಿದ್ದವರು.

1967. ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಅವರು ಒಂದು ಸ್ವರವನ್ನು ನಡುಗಿಸಿ ನೋಡುತ್ತಿದ್ದರು. ಸೆಕೆಂಡಿಗೆ ಐದಾರು ಸಲ ನಡುಗಿಸಿದರೆ ಪಿಟೀಲಿನ ಸ್ವರ ತುಯ್ದಾಡಿದಂತೆ ಕೇಳುತ್ತದೆ. ವೇಗವನ್ನು ನೂರಾರು ಸಲಕ್ಕೆ ಏರಿಸಿದಾಗ ನಡುಕವೇ ಮಾಯವಾಗಿ, ಗಂಟೆಯಂಥ, ತುತ್ತೂರಿಯಂಥ ಹೊಸ ನಾದಗಳು ಎದ್ದುಬಂದವು! ಬರೀ ಎರಡು ಸರಳ ತರಂಗಗಳಿಂದ ಇಷ್ಟು ಸಂಪತ್ತು. ಲೆಕ್ಕಕ್ಕಿಂತ ಮೊದಲು ಅದನ್ನು ಹಿಡಿದದ್ದು ಸಂಗೀತಗಾರನ ಕಿವಿ ಎಂಬುದೇ ಇಲ್ಲಿನ ಸೊಗಸು.

ಅಮೆರಿಕದ ಆರ್ಗನ್ ತಯಾರಕರಿಗೆ ಇದರ ಬೆಲೆ ತಿಳಿಯಲಿಲ್ಲ. ಜಪಾನಿನ ಯಮಾಹಾ ಪರವಾನಗಿ ಪಡೆಯಿತು. ಈ ತಂತ್ರದ ಪೇಟೆಂಟ್ ವಿಶ್ವವಿದ್ಯಾಲಯಕ್ಕೆ ತಂದದ್ದು 2 ಕೋಟಿ ಡಾಲರಿಗೂ ಹೆಚ್ಚು. ಚೌನಿಂಗ್ ಅವರ ಕೃತಿಗಳು ಮಾತ್ರ ಬೆರಳೆಣಿಕೆಯಷ್ಟು. 1972ರ 'ಟ್ಯುರೆನಾಸ್' ಕೇಳಿ: ಸುತ್ತಲಿನ ನಾಲ್ಕು ಸ್ಪೀಕರ್‌ಗಳ ನಡುವೆ ದನಿಗಳು ದುಂಬಿಗಳಂತೆ ಹಾರಾಡುತ್ತವೆ. 1977ರ 'ಸ್ಟ್ರಿಯಾ'ದ ಸ್ವರಾಂತರಗಳಿಗೆ ಸುವರ್ಣ ಅನುಪಾತವೇ ಆಧಾರ.

ಅವರು ಸಹೋದ್ಯೋಗಿಗಳೊಡನೆ 1975ರಲ್ಲಿ ಕಟ್ಟಿದ ಸಂಗೀತ ಸಂಶೋಧನಾ ಕೇಂದ್ರದ ಚುಟುಕು ಹೆಸರು ಸಿಸಿಆರ್‌ಎಂಎ. ಅಲ್ಲಿನವರು ಅದನ್ನು ಉಚ್ಚರಿಸುವುದು 'ಕರ್ಮ' ಎಂದು!